ಸಿಗಡಿಯಲ್ಲದ ಸಿಗಡಿ

ಗಾಳ ಹಾಕಿ ಕೂರುವುದು ಸೋಮಾರಿಗಳ ಕೆಲಸವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದಲೂ ಉಂಟು. ಕೆರೆಯ ಏರಿಯ ಮೇಲೆ ಕುಳಿತು, ಎರೆಹುಳುವನ್ನು ಗಾಳಕ್ಕೆ ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ಕಾಯುತ್ತ ತೂಕಡಿಸುವವನನ್ನು ಕಂಡು ಈ ಭಾವನೆ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಮೀನು ಹಿಡಿಯುವ ವಿದ್ಯೆಯಲ್ಲಿ ಇನ್ನೊಂದು ಶಾಖೆಯಿದೆ. ಅದರಲ್ಲಿ ಎರೆಹುಳುವಿಲ್ಲ, ಬೆಂಡಿಲ್ಲ, ತೂಕಡಿಕೆಗಂತೂ ಎಡೆಯೇ ಇಲ್ಲ. ತಿನ್ನಲು ಬಾರದ ವಸ್ತುವೊಂದನ್ನು ಕೈಯಾರೆ ಕಟ್ಟಿ, ಅದು ಆಹಾರವೆಂದು ಮೀನನ್ನು ನಂಬಿಸಿ, ನಂಬಿದ ಮೀನನ್ನು ಹಿಡಿದು, ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟು, ಬರಿಗೈಯಲ್ಲಿ ಸಂತೋಷದಿಂದ ಮನೆಗೆ ಹಿಂದಿರುಗುವ ವಿದ್ಯೆ ಅದು!

“ಇದೆಂಥ ಹುಚ್ಚು?” ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಾವು ಇಂದು ಹೇಳಹೊರಟಿರುವ ಹುಸಿ ಸಿಗಡಿಯ ಹೆಸರಿನಲ್ಲಿಯೇ ಹುಚ್ಚು ಸೇರಿಕೊಂಡಿದೆ. ಅದರ ಹೆಸರು ‘ಕ್ರೇಜಿ ಚಾರ್ಲಿ’, ಎಂದರೆ ಹುಚ್ಚು ಚಾರ್ಲಿ.

ಇಂಗ್ಲಿಷಿನಲ್ಲಿ ಇಂಥ ಕೃತಕ ಎರೆಗೆ ‘ಫ್ಲೈ’ ಎಂದು ಹೆಸರು. ಫ್ಲೈ ಎಂದರೆ ನೊಣ. ನದಿಗಳ ಮೇಲೆ ಹಾರಾಡುವ ಹುಳುಹುಪ್ಪಟೆಗಳನ್ನು ಅನುಕರಿಸಿ ಗರಿ, ಉಣ್ಣೆಗಳಿಂದ ಇದನ್ನು ಕಟ್ಟುತ್ತಿದ್ದುದರಿಂದ ಆ ಹೆಸರು ಬಂದಿತು. ಕ್ರಿಸ್ತಶಕ 200ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮನ್ ಗ್ರಂಥಕಾರ, ಮ್ಯಾಸಿಡೋನಿಯದ ನದಿಯೊಂದರಲ್ಲಿ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಕೊರಳಿನ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಹುಕಾಲ ಇದು ಸಿಹಿನೀರಿನ ವಿದ್ಯೆಯಾಗಿಯೇ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಕಡಲಿಗೆ ಇಳಿದು ಬಲಗೊಂಡಿತು. 1947ರಲ್ಲಿ ಅಮೆರಿಕದ ಜೋ ಬ್ರೂಕ್ಸ್ ಎಂಬಾತ ಫ್ಲಾರಿಡದ ಆಳವಿಲ್ಲದ ಕಡಲಿನಲ್ಲಿ ಈ ವಿಧಾನದಿಂದಲೇ ‘ಬೋನ್‌ಫಿಷ್’ ಎಂಬ ಮೀನನ್ನು ಹಿಡಿದು ತೋರಿಸಿದ ಮೇಲೆ, ಅನೇಕರ ಕಣ್ಣು ಆ ಮೀನಿನ ಮೇಲೆ ಬಿದ್ದಿತು. ನದಿಯ ನೊಣ ಕಡಲಿಗೆ ಬಂದಾಗ ತನ್ನ ವೇಷವನ್ನು ಬದಲಿಸಲೇಬೇಕಾಯಿತು. ಆ ಕಡಲಿನ ಮೀನು ತಿನ್ನುವುದು ನೊಣವನ್ನಲ್ಲ, ಸಿಗಡಿಯನ್ನು.

ಸಿಗಡಿಯ ಪರಿಚಯವನ್ನು ನಮ್ಮ ಕರಾವಳಿಯವರಿಗೆ ಮಾಡಿಕೊಡುವ ಸಾಹಸ ಬೇಡ. ತುಳುವಿನಲ್ಲಿ ಅದು ಎಟ್ಟಿ. ಕುಂದಾಪುರದ ಕಡೆಯವರ ಬಾಯಲ್ಲಿ ಚಟ್ಲಿ. ಆದರೆ ಮಾರುಕಟ್ಟೆಯ ಬುಟ್ಟಿಯಲ್ಲಿ ಕಾಣುವ ಸಿಗಡಿಯೇ ಬೇರೆ, ನೀರಿನಲ್ಲಿ ಜೀವದಿಂದಿರುವ ಸಿಗಡಿಯೇ ಬೇರೆ. ನೀರಿನಲ್ಲಿ ಅದರ ಮೈ ಹೆಚ್ಚುಕಡಿಮೆ ಗಾಜಿನಂತೆ ಪಾರದರ್ಶಕ. ತಳದ ಮರಳಿನ ಬಣ್ಣವೇ ಅದರ ಬಣ್ಣವಾಗಿ ತೋರುತ್ತದೆ. ಎದ್ದು ಕಾಣುವುದು ಕಪ್ಪನೆಯ ಎರಡು ಕಣ್ಣುಗಳು ಮಾತ್ರ. ನೆಮ್ಮದಿಯಿಂದಿರುವಾಗ ಹೊಟ್ಟೆಯ ಕೆಳಗಿನ ಪುಟ್ಟ ಕಾಲುಗಳನ್ನು ಆಡಿಸುತ್ತ ಮೆಲ್ಲಗೆ ಮುಂದಕ್ಕೆ ಈಜುತ್ತದೆ. ಬೆದರಿತೋ, ಬಾಲವನ್ನು ಹೊಟ್ಟೆಯ ಕಡೆಗೆ ಫಕ್ಕನೆ ಮಡಿಸಿ ಹಿಮ್ಮುಖವಾಗಿ ಚಿಮ್ಮುತ್ತದೆ. ಒಮ್ಮೆ ಚಿಮ್ಮುವುದು, ತಳಕ್ಕೆ ಇಳಿಯುವುದು, ಮತ್ತೆ ಚಿಮ್ಮುವುದು. ಈ ಲಯವನ್ನು ನೆನಪಿನಲ್ಲಿಡಿ. ಹುಸಿ ಸಿಗಡಿಯ ರಹಸ್ಯವೆಲ್ಲ ಇದರಲ್ಲಿಯೇ ಅಡಗಿದೆ.

ಇನ್ನು ಈ ಕಥೆಯ ರಂಗಸ್ಥಳಕ್ಕೆ ಹೋಗೋಣ. ಫ್ಲಾರಿಡದ ಆಗ್ನೇಯಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಹರಡಿರುವ ದ್ವೀಪಸಮೂಹವೇ ಬಹಾಮಾಸ್. ಅಲ್ಲಿನ ಎಲ್ಲ ದ್ವೀಪಗಳಿಗಿಂತ ದೊಡ್ಡದು ಆಂಡ್ರೋಸ್. ಅದರ ಅಂಚಿನಲ್ಲಿ ಮೈಲಿಗಟ್ಟಲೆ ಹರಡಿದ ಬಿಳಿಮರಳಿನ ಬಯಲುಗಳ ಮೇಲೆ ನೀರು ಮೊಣಕಾಲುದ್ದವೋ ಸೊಂಟದುದ್ದವೋ ಇರುತ್ತದೆ. ಸುತ್ತ ಕಾಂಡ್ಲಾ ಕಾಡು. ಭರತ ಬಂದೊಡನೆ ಆಳದ ನೀರಿನಿಂದ ಬೋನ್‌ಫಿಷ್ ಈ ಬಯಲಿಗೆ ಮೇಯಲು ಬರುತ್ತದೆ. ಅದರ ಮೈ ಕನ್ನಡಿಯಂಥ ಬೆಳ್ಳಿ. ಸುತ್ತಲಿನ ಮರಳನ್ನೂ ನೀರನ್ನೂ ಆ ಮೈ ಪ್ರತಿಫಲಿಸುವುದರಿಂದ ಮೀನು ಕಾಣುವುದಕ್ಕೆ ಮುಂಚೆ ಮರಳಿನ ಮೇಲೆ ಅದರ ನೆರಳು ಕಾಣುತ್ತದೆ. ಅಲ್ಲಿನ ಬೇಟೆಗಾರರು ಇದನ್ನು ‘ಬೂದುಬಣ್ಣದ ಭೂತ’ ಎಂದು ಕರೆಯುವುದು ಇದಕ್ಕಾಗಿಯೇ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಪೌಂಡು ತೂಗುವ ಈ ಮೀನು ಹತ್ತು ಪೌಂಡು ತೂಗಿದರೆ ಹಿಡಿದವನು ಬಹುಕಾಲ ಅದನ್ನೇ ಹೇಳಿಕೊಂಡು ತಿರುಗುವನು. ಮೂತಿಯನ್ನು ಮರಳಿಗೆ ಚುಚ್ಚಿ ಸಿಗಡಿ, ಏಡಿ, ಚಿಪ್ಪುಜೀವಿಗಳನ್ನು ಹೆಕ್ಕುವಾಗ ಅದರ ಬಾಲ ನೀರಿನ ಮೇಲೆ ಬಂದು ಬೀಸಣಿಗೆಯಂತೆ ಆಡುತ್ತದೆ. ಹೆಕ್ಕಿದ ಚಿಪ್ಪನ್ನು ಅರೆಯಲು ಗಂಟಲಿನಲ್ಲಿಯೇ ಒಂದು ಒರಳುಕಲ್ಲನ್ನು ಪ್ರಕೃತಿ ಅದಕ್ಕೆ ಇಟ್ಟುಕೊಟ್ಟಿದೆ!

1977ರಲ್ಲಿ ಕ್ಯಾಲಿಫೋರ್ನಿಯದ ಬಾಬ್ ನಾಹೈಮ್ ಎಂಬಾತ ಆಂಡ್ರೋಸಿಗೆ ಬಂದಿದ್ದ. ಅವನಿಗೆ ಮಾರ್ಗದರ್ಶಕನಾಗಿದ್ದವನು ಆ ದ್ವೀಪದವನೇ ಆದ ಚಾರ್ಲಿ ಸ್ಮಿತ್. ಮೀನುಗಳು ಗಾಜಿನಂಥ ಪುಟ್ಟ ಮರಿಮೀನುಗಳನ್ನು ಮೇಯುತ್ತಿದ್ದುದನ್ನು ಕಂಡು ನಾಹೈಮ್ ಅವುಗಳನ್ನು ಹೋಲುವಂತೆ ಒಂದು ಸಣ್ಣ ಫ್ಲೈ ಕಟ್ಟಿದ. ಅದು ಅಸಾಧಾರಣವಾಗಿ ಫಲಿಸಿತು. ‘ನ್ಯಾಸ್ಟಿ ಚಾರ್ಲಿ’ ಎಂದು ಹೆಸರಾದ ಅದು ಮುಂದೆ ಅಂಗಡಿಗಳಿಗೆ ಬರುವ ವೇಳೆಗೆ ‘ಕ್ರೇಜಿ ಚಾರ್ಲಿ’ಯಾಯಿತು. ಇಲ್ಲಿ ಎರಡು ಸೋಜಿಗಗಳಿವೆ. ಕಟ್ಟಿದವನು ಒಬ್ಬ, ಹೆಸರು ಸಂದದ್ದು ದೋಣಿ ನಡೆಸಿದವನಿಗೆ. ಇಂಥ ನ್ಯಾಯ ಲೋಕದಲ್ಲಿ ಅಪರೂಪ. ಎರಡನೆಯದು, ಕಟ್ಟಿದ್ದು ಮರಿಮೀನಿನ ಅನುಕರಣೆ, ಆದರೆ ಅದು ಪ್ರಸಿದ್ಧವಾದದ್ದು ಸಿಗಡಿಯೆಂದು! ಕಟ್ಟಿದವನ ಅಭಿಪ್ರಾಯವನ್ನು ಮೀನು ಕೇಳಲಿಲ್ಲ. ಮರಳಿನ ಮೇಲೆ ಚಿಮ್ಮಿ ಇಳಿಯುವ, ಕಣ್ಣುಳ್ಳ, ಅರೆಪಾರದರ್ಶಕವಾದ ಚಿಕ್ಕ ವಸ್ತು ಅದರ ಪಾಲಿಗೆ ಸಿಗಡಿಯೇ ಆಯಿತು.

ಇದನ್ನು ಕಟ್ಟುವ ಬಗೆ ಬಹು ಸರಳ. ಮೇಜಿಗೆ ಬಿಗಿದ ಪುಟ್ಟ ವೈಸಿನಲ್ಲಿ ಒಂದಂಗುಲಕ್ಕೆ ಮೀರದ, ಉಪ್ಪುನೀರಿಗೆ ತುಕ್ಕು ಹಿಡಿಯದ ಗಾಳವನ್ನು ಹಿಡಿಸಬೇಕು. ಅದಕ್ಕೆ ಮೊದಲು ಇಕ್ಕಳದಿಂದ ಗಾಳದ ತುದಿಯ ಹಿಮ್ಮುಳ್ಳನ್ನು ಒತ್ತಿ ಮಟ್ಟಮಾಡಿಬಿಡುವುದು ಮೇಲು. ಇದರ ಕಾರಣವನ್ನು ಮುಂದೆ ಹೇಳುವೆವು. ಬಿಳಿಯ ಇಲ್ಲವೆ ತಿಳಿಗುಲಾಬಿಯ ನೂಲನ್ನು ಗಾಳದ ದಂಡದ ಮೇಲೆ ಒತ್ತೊತ್ತಾಗಿ ಸುತ್ತಬೇಕು. ನೂಲು ಸಡಿಲವಾದರೆ ಎಲ್ಲವೂ ಜಾರುತ್ತದೆ, ಅತಿ ಬಿಗಿಯಾದರೆ ನೂಲೇ ಹರಿಯುತ್ತದೆ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ನಮ್ಮ ಮನೆಯ ಹೆಂಗಸರಿಗೆ ಈ ಹದವನ್ನು ಯಾರೂ ಕಲಿಸಬೇಕಾಗಿಲ್ಲ.

ಮುಂದೆ ಕಣ್ಣುಗಳು. ಕೈತೊಳೆಯುವ ಬೇಸಿನ್ನಿನ ಬಿರಡೆಗೆ ಸಣ್ಣ ಗುಂಡುಗಳ ಸರಪಣಿಯನ್ನು ಕಟ್ಟಿರುವುದನ್ನು ನೀವು ನೋಡಿರಬಹುದು. ಅದೇ ಬಗೆಯ ಸರಪಣಿಯಿಂದ ಒಂದಕ್ಕೊಂದು ಅಂಟಿದ ಎರಡು ಗುಂಡುಗಳನ್ನು ಕತ್ತರಿಸಿಕೊಂಡು, ದಾರ ಪೋಣಿಸುವ ಕುಣಿಕೆಯ ಸ್ವಲ್ಪ ಹಿಂದೆ, ದಂಡದ ಮೇಲ್ಭಾಗದಲ್ಲಿ ಅಡ್ಡಲಾಗಿಟ್ಟು, ಇಂಗ್ಲಿಷಿನ 8ರ ಆಕಾರದಲ್ಲಿ ನೂಲನ್ನು ಸುತ್ತಿ ಬಿಗಿಯಬೇಕು. ಇವು ಬರಿಯ ಅಲಂಕಾರವಲ್ಲ. ಗುಂಡುಗಳ ಭಾರ ದಂಡದ ಮೇಲಿರುವುದರಿಂದ, ನೀರಿಗೆ ಬಿದ್ದೊಡನೆ ಆ ಭಾರದ ಭಾಗ ಕೆಳಗಾಗಿ ಗಾಳ ತಲೆಕೆಳಗಾಗುತ್ತದೆ. ಅದರ ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ. ಮರಳಿಗೂ ಕಡಲಹುಲ್ಲಿಗೂ ಅದು ಸಿಕ್ಕಿಕೊಳ್ಳುವ ಭಯ ಕಡಮೆ. ಮೇಲಾಗಿ, ಮುಂಭಾಗ ಭಾರವಾದುದರಿಂದ ದಾರವನ್ನು ಎಳೆದಾಗ ಅದು ಚಿಮ್ಮುತ್ತದೆ, ಬಿಟ್ಟಾಗ ಮೂತಿ ಕೆಳಗಾಗಿ ಇಳಿಯುತ್ತದೆ. ಸಿಗಡಿಯ ಲಯ ಇಲ್ಲಿ ಸಿದ್ಧವಾಯಿತು!

ಮೈಗೆ ಮುತ್ತಿನ ಹೊಳಪುಳ್ಳ ಜರಿಪಟ್ಟಿಯನ್ನು ದಂಡದ ಉದ್ದಕ್ಕೂ ಸುತ್ತಿ, ಅದರ ಮೇಲೆ ಬಣ್ಣವಿಲ್ಲದ ದಪ್ಪ ನೈಲಾನ್ ಎಳೆಯನ್ನು ಒಂದರ ಪಕ್ಕಕ್ಕೊಂದು ಬರುವಂತೆ ಸುತ್ತುವರು. ಒಳಗಿನ ಜರಿಯ ಹೊಳಪು ನೈಲಾನಿನ ಮೂಲಕ ಮಸುಕಾಗಿ ಕಾಣುವಾಗ, ಗೆಣ್ಣುಗೆಣ್ಣಾದ, ಒಳಗೆ ಜೀವವಿರುವ ಮೈಯಂತೆಯೇ ತೋರುವುದು. ಅನಂತರ ಗಾಳವನ್ನು ವೈಸಿನಲ್ಲಿ ತಿರುಗಿಸಿ, ಮೊನೆಯಿರುವ ಕಡೆ ಒಂದು ಚಿಟಿಕೆ ಕೂದಲನ್ನು ಕಟ್ಟಬೇಕು. ನಾಹೈಮ್ ಮೊದಲು ಇಲ್ಲಿ ಕೋಳಿಯ ಗರಿಗಳನ್ನು ಕಟ್ಟಿದ್ದ. ಮುಂದೆ ಕರುವಿನ ಬಾಲದ ಕೂದಲು ರೂಢಿಗೆ ಬಂದಿತು. ಅದು ಬೇಡವೆನ್ನುವವರಿಗೆ ಕೃತಕ ಕೂದಲೂ ಉಂಟು. ಕೂದಲು ಮೊನೆಯನ್ನು ದಾಟಿ ತುಸು ಹಿಂದಕ್ಕೆ ಚಾಚಿಕೊಂಡಿರಬೇಕು. ಆಗ ಅದು ಮೊನೆಯನ್ನು ಮರೆಮಾಡುವುದಲ್ಲದೆ, ಸಿಗಡಿಯ ಕಾಲುಮೀಸೆಗಳಂತೆ ನೀರಿನಲ್ಲಿ ಮಿಡಿಯುವುದು. ಕೊನೆಗೆ ತಲೆಯ ಬಳಿ ನೂಲಿನ ಗಂಟು, ಗಂಟಿನ ಮೇಲೆ ಒಂದು ಹನಿ ವಾರ್ನಿಷ್. ಕೈ ಪಳಗಿದವನಿಗೆ ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಬಣ್ಣದ ವಿಷಯದಲ್ಲಿ ಒಂದೇ ಸೂತ್ರ: ತಳ ಹೇಗೋ ಫ್ಲೈ ಹಾಗೆ. ಬಿಳಿಮರಳಿಗೆ ಬಿಳಿ ಇಲ್ಲವೆ ತಿಳಿಗುಲಾಬಿ, ಕಡಲಹುಲ್ಲಿನ ತಳಕ್ಕೆ ಕಂದು. ಭಾರಕ್ಕೂ ಇಂಥದೇ ಸೂತ್ರ: ನೀರು ಆಳವಾದರೆ ಭಾರದ ಕಣ್ಣು, ಮೀನಗಂಡದುದ್ದದ ನೀರಿಗೆ ಹಗುರವಾದ ಕಣ್ಣು. ಭಾರದ ಕಣ್ಣು ತೆಳುನೀರಿನಲ್ಲಿ ‘ತಪ್’ ಎಂದು ಬಿದ್ದರೆ ಮೀನು ದಿಗಂತದ ಕಡೆಗೆ ಪರಾರಿ!

ಹೊಸದಾಗಿ ಕಟ್ಟುವವರು ಬಹುಶಃ ಎಲ್ಲರೂ ಒಂದು ಆಸೆಗೆ ಒಳಗಾಗುವರು: ಸಿಗಡಿಗೆ ಹತ್ತು ಕಾಲಿದೆ, ಹತ್ತನ್ನೂ ಕಟ್ಟೋಣ, ಉದ್ದನೆಯ ಮೀಸೆಯಿದೆ, ಅದನ್ನೂ ಸೇರಿಸೋಣ ಎಂದು. ಹೀಗೆ ಕಟ್ಟಿದ ಫ್ಲೈ ಗಾಜಿನ ಪೆಟ್ಟಿಗೆಯಲ್ಲಿಡಲು ಬಲು ಚೆನ್ನ. ನೀರಿನಲ್ಲಿ ಅನೇಕ ವೇಳೆ ಅದು ಕಡ್ಡಿಯಂತೆ ಬಿರುಸಾಗಿ ಬಿದ್ದಿರುತ್ತದೆ. ಇತ್ತ ಕ್ರೇಜಿ ಚಾರ್ಲಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ಸಿಗಡಿಯೆಂದು ಮೂರು ವರ್ಷದ ಮಗುವೂ ಒಪ್ಪದು. ನಿಜವಾದ ಸಿಗಡಿ ಬೆದರಿದಾಗ ಬಾಲ ಮುಂದಾಗಿ ಚಿಮ್ಮುವುದಷ್ಟೆ? ಆ ಲೆಕ್ಕದಲ್ಲಿ ಈ ಫ್ಲೈಯ ಕಣ್ಣುಗಳು ಇರುವುದೂ ತಪ್ಪು ತುದಿಯಲ್ಲಿ! ಕಣ್ಣುಗಳನ್ನು ಹಿಂಭಾಗದಲ್ಲಿಯೇ ಕಟ್ಟುವ ನಿಷ್ಠಾವಂತರೂ ಇದ್ದಾರೆ. ಅವರ ಫ್ಲೈಗಳಿಗೂ ಮೀನು ಬೀಳುತ್ತದೆ. ಆದರೆ ಹಸಿದ ಮೀನು ಮುಂದೆ ಚಿಮ್ಮುತ್ತಿರುವ ತುತ್ತಿನ ಕಾಲುಗಳನ್ನು ಎಣಿಸುತ್ತ ಕೂರುವುದಿಲ್ಲ. ಅದು ನೋಡುವುದು ಗಾತ್ರವನ್ನು, ನೆರಳುಬೆಳಕನ್ನು, ಎಲ್ಲಕ್ಕಿಂತ ಹೆಚ್ಚಾಗಿ ಚಲನೆಯನ್ನು. ವ್ಯಂಗ್ಯಚಿತ್ರಕಾರ ನಾಲ್ಕು ಗೆರೆಗಳಲ್ಲಿ ಪರಿಚಿತರ ಮುಖವನ್ನು ಮೂಡಿಸುವಂತೆ, ಫ್ಲೈ ಕಟ್ಟುವವನೂ ಬೇಡದ್ದನ್ನು ಬಿಡುತ್ತ ಹೋಗಿ ಸಿಗಡಿಯನ್ನು ಮೂಡಿಸಬೇಕು.

ಕಟ್ಟಿದ್ದಾಯಿತು, ಎಸೆಯುವುದು ಹೇಗೆ? ಕಾಗದದ ಚೂರಿಗಿಂತ ಸ್ವಲ್ಪವೇ ಭಾರವಾದ ಈ ವಸ್ತುವನ್ನು ಐವತ್ತು ಅಡಿ ದೂರಕ್ಕೆ ಎಸೆಯಲು ಯಾರಿಂದಲೂ ಆಗದು. ಆದುದರಿಂದ ಇಲ್ಲಿ ಭಾರವಿರುವುದು ದಾರಕ್ಕೆ. ಒಂಬತ್ತು ಅಡಿಯ ಬಳುಕುವ ಕೋಲಿನಿಂದ ದಪ್ಪ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಚಾಟಿಯಂತೆ ಬೀಸಿ ಬಿಟ್ಟರೆ, ದಾರ ಹಾರುತ್ತದೆ. ಅದರ ತುದಿಯ ಸಣ್ಣ ನೈಲಾನ್ ಎಳೆಗೆ ಕಟ್ಟಿದ ಫ್ಲೈ ಅದರ ಹಿಂದೆ ಹೋಗಿ ಮೆಲ್ಲಗೆ ಇಳಿಯುತ್ತದೆ.

ದೋಣಿಯ ಹಿಂಭಾಗದ ಎತ್ತರದ ಅಟ್ಟದ ಮೇಲೆ ಮಾರ್ಗದರ್ಶಕ ಉದ್ದನೆಯ ಗಳು ಹಿಡಿದು, ಸದ್ದಿಲ್ಲದೆ ದೋಣಿಯನ್ನು ತಳ್ಳುತ್ತಿರುತ್ತಾನೆ. ಬೇಟೆಗಾರ ಮುಂಭಾಗದಲ್ಲಿ, ನೀರಿನ ಥಳಕನ್ನು ಕಳೆಯುವ ಕನ್ನಡಕ ಧರಿಸಿ ನಿಂತಿರುತ್ತಾನೆ. ದೋಣಿಯ ಮೂತಿಯನ್ನು ಗಡಿಯಾರದ ಹನ್ನೆರಡು ಗಂಟೆಯೆಂದು ಇಬ್ಬರೂ ಒಪ್ಪಿಕೊಂಡಿರುತ್ತಾರೆ. “ಹನ್ನೊಂದು ಗಂಟೆ, ನಲವತ್ತು ಅಡಿ” ಎಂದು ಹಿಂದಿನಿಂದ ಪಿಸುಮಾತು ಬರುತ್ತದೆ. ಎಡಕ್ಕೆ ತುಸು ವಾರೆಯಾಗಿ ನೆರಳೊಂದು ಸರಿದು ಬರುತ್ತಿದೆ! ಮೀನಿನ ತಲೆಯ ಮೇಲೆ ಎಸೆದರೆ ಕೆಟ್ಟಿತು. ಅದು ಬರುತ್ತಿರುವ ದಾರಿಯಲ್ಲಿ ಕೆಲವು ಅಡಿ ಮುಂದೆ ಫ್ಲೈ ಇಳಿಯಬೇಕು. ತಳ ಮುಟ್ಟುವವರೆಗೂ ಕಾದು, ಎಡಗೈಯಿಂದ ದಾರವನ್ನು ಗೇಣುದ್ದ ಎಳೆಯಬೇಕು. ಮರಳಿನಲ್ಲಿ ಸಣ್ಣ ಧೂಳೆದ್ದು ಸಿಗಡಿ ಚಿಮ್ಮಿತು. ನೆರಳು ದಿಕ್ಕು ಬದಲಿಸಿ ಬೆನ್ನಟ್ಟಿತು. ಇನ್ನೊಂದು ಗೇಣು ಎಳೆದು ನಿಲ್ಲಿಸಿದರೆ, ಓಡುತ್ತಿದ್ದ ಸಿಗಡಿ ಅವಿತುಕೊಳ್ಳಲು ತಳಕ್ಕೆ ಇಳಿದಂತೆ ಫ್ಲೈ ಇಳಿಯುತ್ತದೆ. ಮೀನು ಮುಗ್ಗರಿಸಿದಂತೆ ತಲೆ ಬಾಗಿಸುತ್ತದೆ. ಈ ಕ್ಷಣದಲ್ಲಿ ನದಿಯಲ್ಲಿ ಕಲಿತವನು ಅಭ್ಯಾಸಬಲದಿಂದ ಕೋಲನ್ನು ಮೇಲಕ್ಕೆತ್ತಿ ಫ್ಲೈಯನ್ನು ಮೀನಿನ ಬಾಯಿಂದಲೇ ಕಿತ್ತುಬಿಡುವನು. ಕಡಲಿನ ಕ್ರಮ ಬೇರೆ: ಕೋಲು ನೀರಿನ ಕಡೆಗೇ ಇರಬೇಕು, ಎಡಗೈ ಮಾತ್ರ ದಾರವನ್ನು ನೀಳವಾಗಿ ಎಳೆಯಬೇಕು. ಗಾಳ ನಾಟಿತೆಂದರೆ ರಾಟೆ ಕಿರುಚತೊಡಗುತ್ತದೆ. ನೂರು ಗಜದಷ್ಟು ದಾರವನ್ನು ಒಂದೇ ಉಸಿರಿಗೆ ಎಳೆದೊಯ್ಯುವ ಶಕ್ತಿ ಆ ಪುಟ್ಟ ಮೀನಿಗೆ ಉಂಟು.

ಇನ್ನು ಮೊದಲಿನ ಪ್ರಶ್ನೆ. ತಿನ್ನುವುದಿಲ್ಲವಾದರೆ ಹಿಡಿಯುವುದೇಕೆ? ಬದುಕಲಿಕ್ಕಾಗಿ ಹಿಡಿಯುವ ಬೆಸ್ತನ ಬಲೆಗೆ ಇರುವ ಸಮರ್ಥನೆ ಆಟಕ್ಕಾಗಿ ಹಿಡಿಯುವವನ ಗಾಳಕ್ಕೆ ಇಲ್ಲ. ಇದನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಹಿಡಿದದ್ದನ್ನು ಬಿಟ್ಟೆವಲ್ಲ ಎಂದು ಹೇಳಿ ಜಾರಿಕೊಳ್ಳಲೂ ಬಾರದು. ಬಿಟ್ಟ ಮಾತ್ರಕ್ಕೆ ಮೀನು ಬದುಕಿತೆಂದು ಅರ್ಥವಲ್ಲ. ಬಹಾಮಾಸಿನ ಎಲ್ಯೂಥೆರ ದ್ವೀಪದಲ್ಲಿ ವಿಜ್ಞಾನಿಗಳು ಹೀಗೆ ಬಿಟ್ಟ ಬೋನ್‌ಫಿಷ್‌ಗಳನ್ನು ಹಿಂಬಾಲಿಸಿ ನೋಡಿ, 2007ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ದಣಿದು ಸಮತೋಲ ತಪ್ಪಿ ಮಗುಚಿಕೊಳ್ಳುವ ಸ್ಥಿತಿಯಲ್ಲಿ ಬಿಡಲ್ಪಟ್ಟ ಮೀನು, ನೆಟ್ಟಗೆ ಈಜಿ ಹೋದ ಮೀನಿಗಿಂತ ಆರು ಪಟ್ಟಿಗೂ ಹೆಚ್ಚಾಗಿ ಶತ್ರುಗಳ ಬಾಯಿಗೆ ಬೀಳುವ ಸಂಭವವಿತ್ತು. ಶಾರ್ಕುಗಳೂ ಬರಾಕುಡ ಮೀನುಗಳೂ ಆ ತೆಳುನೀರಿನಲ್ಲಿಯೇ ಸುಳಿದಾಡುತ್ತಿರುತ್ತವೆ. ಆಟಗಾರ ಸಂತೃಪ್ತಿಯಿಂದ ಕೈ ಒರೆಸಿಕೊಳ್ಳುತ್ತಿರುವಾಗ, ಅವನು ದಯೆತೋರಿ ಬಿಟ್ಟ ಜೀವ ಅವನ ಬೆನ್ನ ಹಿಂದೆಯೇ ಮುಗಿದುಹೋಗಿರಬಹುದು.

ಹಿಮ್ಮುಳ್ಳನ್ನು ಒತ್ತಿಬಿಡಿ ಎಂದು ಮೊದಲೇ ಹೇಳಿದ್ದರ ಕಾರಣ ಇದೇ. ಹಿಮ್ಮುಳ್ಳಿಲ್ಲದ ಗಾಳ, ಮೀನು ನೀರಿನಲ್ಲಿರುವಾಗಲೇ ಬೆರಳಿನ ಒಂದು ತಿರುವಿಗೆ ಕಳಚಿಕೊಳ್ಳುತ್ತದೆ. ಮೀನನ್ನು ಆಡಿಸಿ ಆಡಿಸಿ ದಣಿಸದೆ ಬೇಗ ಹತ್ತಿರಕ್ಕೆ ತರಬೇಕು. ಒಣಗಿದ ಕೈಯಿಂದ ಮುಟ್ಟಿ ಅದರ ಮೈಯ ಲೋಳೆಯನ್ನು ಕೀಳಬಾರದು. ಚಿತ್ರ ತೆಗೆಸಿಕೊಳ್ಳುವ ಆಸೆಗೆ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ನಿಲ್ಲಬಾರದು. ಅದು ತಾನಾಗಿ ನೆಟ್ಟಗೆ ನಿಂತು ಬಾಲ ಬೀಸುವವರೆಗೂ ನೀರಿನಲ್ಲಿಯೇ ಹಿಡಿದಿರಬೇಕು. ಶಾರ್ಕು ಕಂಡರೆ, ಮೀನು ಎಷ್ಟೇ ಇದ್ದರೂ ದಾರ ಸುತ್ತಿಕೊಂಡು ಬೇರೆಡೆಗೆ ಹೊರಡಬೇಕು. ಇವು ಶಿಷ್ಟಾಚಾರದ ಮಾತುಗಳಲ್ಲ, ಒಂದು ಪ್ರಾಣದ ಲೆಕ್ಕ.

ಆ ಪ್ರಾಣದೊಡನೆ ಅನೇಕ ಮನೆಗಳ ಒಲೆಯೂ ಸೇರಿಕೊಂಡಿದೆ. 2010ರಲ್ಲಿ ಹೊರಬಂದ ಅಧ್ಯಯನವೊಂದು, ಈ ಬಗೆಯ ಆಟದಿಂದ ಬಹಾಮಾಸಿಗೆ ವರ್ಷಕ್ಕೆ ಸುಮಾರು 14 ಕೋಟಿ ಡಾಲರುಗಳ ವಹಿವಾಟು ಉಂಟಾಗುತ್ತಿದೆಯೆಂದು ಅಂದಾಜು ಮಾಡಿತು. ದೊಡ್ಡ ಹೋಟೆಲುಗಳಾಗಲಿ ಕಾರ್ಖಾನೆಗಳಾಗಲಿ ಇಲ್ಲದ ದೂರದ ದ್ವೀಪಗಳಲ್ಲಿ ಚಾರ್ಲಿ ಸ್ಮಿತ್‌ನಂಥ ಮಾರ್ಗದರ್ಶಕರ ಸಂಸಾರ ನಡೆಯುವುದು ಇದರಿಂದಲೇ. ಬಾಣಲೆಗೆ ಬಿದ್ದ ಮೀನು ಒಂದು ಹೊತ್ತಿನ ಊಟ. ನೀರಿನಲ್ಲಿ ಉಳಿದ ಮೀನು ಹಲವು ವರ್ಷಗಳ ಅನ್ನ. ಬಹಾಮಾಸಿನಲ್ಲಿ ಬೋನ್‌ಫಿಷನ್ನು ಮಾರುವುದು ಕಾನೂನಿಗೆ ವಿರುದ್ಧ. ಫ್ಲಾರಿಡದಲ್ಲಿ 2013ರಿಂದ ಹಿಡಿದ ಬೋನ್‌ಫಿಷನ್ನು ಬಿಡಲೇಬೇಕು. 2019ರ ಸೆಪ್ಟೆಂಬರಿನಲ್ಲಿ ಡೋರಿಯನ್ ಚಂಡಮಾರುತ ಅಬಾಕೊ ಮತ್ತು ಗ್ರ್ಯಾಂಡ್ ಬಹಾಮ ದ್ವೀಪಗಳ ಕಾಂಡ್ಲಾ ಕಾಡುಗಳನ್ನು ಧ್ವಂಸಮಾಡಿದ ಮೇಲೆ, ಅಲ್ಲಿ ಮತ್ತೆ ಸಸಿ ನೆಡಲು ಮುಂದಾದವರಲ್ಲಿ ಈ ಮಾರ್ಗದರ್ಶಕರೂ ಇದ್ದರು. ಕಾಂಡ್ಲಾ ಇಲ್ಲದೆ ಸಿಗಡಿಯಿಲ್ಲ, ಸಿಗಡಿಯಿಲ್ಲದೆ ಮೀನಿಲ್ಲ, ಮೀನಿಲ್ಲದೆ ತಮಗೆ ಕೆಲಸವಿಲ್ಲ ಎಂಬುದನ್ನು ಅವರಿಗೆ ಯಾರೂ ಪಾಠಹೇಳಬೇಕಾಗಿರಲಿಲ್ಲ.

ಮೋಸವೆಂದ ಮೇಲೆ ಅದು ಮೋಸವೇ. ಜರಿ, ನೂಲು, ಕೂದಲುಗಳ ಗಂಟೊಂದನ್ನು ಸಿಗಡಿಯೆಂದು ನಂಬಿಸುವುದರಲ್ಲಿ ಪುಣ್ಯವೇನೂ ಇಲ್ಲ. ಆದರೆ ಆ ಮೋಸಕ್ಕೂ ಒಂದು ಎಲ್ಲೆಯನ್ನು ಹಾಕಿಕೊಳ್ಳಬಹುದು. ಫ್ಲೈ ಕಟ್ಟಲು ಕುಳಿತವನು ಮೊಟ್ಟಮೊದಲು ಕೈಗೆತ್ತಿಕೊಳ್ಳುವುದು ನೂಲನ್ನಲ್ಲ, ಇಕ್ಕಳವನ್ನು. ಮೀನನ್ನು ಹಿಡಿಯುವ ಏರ್ಪಾಡಿಗೆ ಮುಂಚೆ ಬಿಡುವ ಏರ್ಪಾಡನ್ನು ಮಾಡಿಕೊಳ್ಳುವ ಈ ಕ್ರಮ, ಮೀನನ್ನು ಕಣ್ಣೆತ್ತಿಯೂ ನೋಡದ ನಮ್ಮ ಅನೇಕ ವಾಚಕರಿಗೂ ಒಪ್ಪಿಗೆಯಾದೀತೆಂದು ನಂಬಿದ್ದೇವೆ.